ಆರಡಿ ಮೂರಿಂಚಿಗೆ ಯಾವ ಸೆಡಾನ್?

ಆರಡಿ ಮೂರಿಂಚು ಎತ್ತರ, ಎಂಟು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸೆಡಾನ್, ದಿನಾ ಮಂಡ್ಯ–ಮೈಸೂರು ಓಡಾಟ ಅಂದ್ರಲ್ಲ ಸಾರ್, ನಾನೂ ಅದೇ ದಾರಿಯವನು, ನಿಮಗಿಂತ ಒಂದೇ ಇಂಚು ಗಿಡ್ಡ.

ಸನ್‌ರೂಫ್ ಇರೋ ಗಾಡಿ ಕಡೆ ತಿರುಗಿ ನೋಡಬೇಡಿ. ಅದರ ಚೌಕಟ್ಟು ತಲೆ ಮೇಲಿನ ಜಾಗ ತಿನ್ನುತ್ತೆ. ಅದಕ್ಕಿಂತ ಮುಖ್ಯ ಸ್ಟೀರಿಂಗ್. ಮೇಲೆ ಕೆಳಗೆ ಆದರೆ ಸಾಲದು, ನಮ್ಮ ಕಡೆಗೆ ಎಳೆದುಕೊಳ್ಳೋಕೂ ಬರಬೇಕು. ಇಲ್ಲಾಂದ್ರೆ ಕಾಲಿಗೋಸ್ಕರ ಸೀಟು ಹಿಂದಕ್ಕೆ ತಳ್ಳಿದರೆ ಕೈ ಎಟುಕಲ್ಲ, ಕೈಗೋಸ್ಕರ ಮುಂದೆ ಬಂದರೆ ಮಂಡಿ ಡ್ಯಾಶ್‌ಬೋರ್ಡಿಗೆ ತಗುಲುತ್ತೆ. ಮಾರುತಿ ಸಿಯಾಜ್‌ನಲ್ಲಿ ನನಗೆ ಆಗಿದ್ದು ಇದೇ. ಅದರ 2650 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಹಿಂದೆ ಕೂರೋ ಅತ್ತೆ-ಮಾವನಿಗೆ ಸುಖ, ನಮಗಲ್ಲ! ಹೋಂಡಾ ಸಿಟಿಯದು 2600 ಅಷ್ಟೇ, ಆದರೂ ಎಳೆಯೋ ಸ್ಟೀರಿಂಗ್ ಇರೋ ವೇರಿಯಂಟಲ್ಲಿ ಆರಾಮಾಗಿ ಕೂತೆ. ನನ್ನ ಓಟು ಅದಕ್ಕೇ.

ನೋಡೋಕೆ ಹೋದಾಗ ಚಪ್ಪಲಿ ಬೇಡ, ದಿನಾ ಹಾಕೋ ಶೂನಲ್ಲೇ ಹೋಗಿ. ಸೀಟು ಪೂರ್ತಿ ಇಳಿಸಿ, ತಲೆಗೂ ಚಾವಣಿಗೂ ನಡುವೆ ಮುಷ್ಟಿ ಹಿಡಿಸುತ್ತಾ ನೋಡಿ. ಕ್ಲಚ್ ಹತ್ತು ಸಲ ತುಳಿದು, ಎಡ ಮಂಡಿ ಸ್ಟೀರಿಂಗ್‌ಗೆ ತಾಗುತ್ತಾ ಗಮನಿಸಿ. ಆಮೇಲೆ ಯಾವುದಾದರೂ ಸಿಗ್ನಲ್‌ನಲ್ಲಿ ಮುಂದಿನ ಸಾಲಲ್ಲೇ ನಿಲ್ಲಿಸಿ. ದೀಪ ನೋಡೋಕೆ ಕತ್ತು ಬಗ್ಗಿಸಬೇಕಾದರೆ ಆ ಗಾಡಿ ಬಿಟ್ಟುಬಿಡಿ.