ಮಂಜುಗಡ್ಡೆ ಹೊತ್ತವರು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯ ಅಂಟಾರ್ಕ್ಟಿಕಾ ಲೇಖನಕ್ಕೆ ಅಮೆರಿಕದ ಮಿಲಿಟರಿ ವಿಮಾನದ ಚಿತ್ರ ಏಕೆ ಹಾಕಿದಿರಿ? ವಿಜ್ಞಾನಿಗಳಿರುವ ಕಡೆ ಸೈನ್ಯಕ್ಕೇನು ಕೆಲಸ?'

ನಿಮ್ಮ ಆತಂಕ ಸುಳ್ಳಲ್ಲ. 1959ರ ಅಂಟಾರ್ಕ್ಟಿಕ್ ಒಪ್ಪಂದ ಅಲ್ಲಿ ಸೇನಾನೆಲೆ, ಸಮರಾಭ್ಯಾಸ, ಆಯುಧ ಪರೀಕ್ಷೆ ಯಾವುದೂ ಕೂಡದು ಎಂದಿದೆ. ಆದರೆ ಅದೇ ಮೊದಲ ವಿಧಿಯ ಮುಂದಿನ ಸಾಲನ್ನೂ ಓದಬೇಕಿತ್ತು, ಅಲ್ವಾ? ಸಂಶೋಧನೆಗಾಗಿ ಸೈನಿಕರನ್ನೂ ಅವರ ಸಾಮಗ್ರಿಯನ್ನೂ ಬಳಸಬಹುದು ಎಂದು ಅಲ್ಲೇ ಇದೆ.

ಚಿತ್ರದಲ್ಲಿದ್ದದ್ದು ಎಲ್‌ಸಿ-130. ಚಕ್ರದ ಜೊತೆಗೆ ಹಿಮದ ಮೇಲೆ ಜಾರುವ ಸ್ಕೀ ಕೂಡ ಇರುವ ಹರ್ಕ್ಯುಲಿಸ್ ಸರಕು ವಿಮಾನ. ಅಮೆರಿಕದ ಮೀಸಲು ವಾಯುಪಡೆಯಾದ ಏರ್ ನ್ಯಾಷನಲ್ ಗಾರ್ಡ್‌ನ ನ್ಯೂಯಾರ್ಕ್ ಘಟಕದ 109ನೇ ದಳ ಅದನ್ನು ಗ್ರೀನ್‌ಲ್ಯಾಂಡಿಗೂ ಅಂಟಾರ್ಕ್ಟಿಕಾಗೂ ಹಾರಿಸುತ್ತದೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಹೆಸರು ಕೇಳಿರುತ್ತೀರಿ. 5,160 ಸೆನ್ಸರ್‌ಗಳನ್ನು ಹಿಮದ ಆಳಕ್ಕಿಳಿಸಿ, ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಹಿಡಿಯುವ ವೀಕ್ಷಣಾಲಯ. ಅದಕ್ಕೆ ಬೇಕಾದ ಸಾಮಾನು ಧ್ರುವ ತಲುಪಿದ್ದು ಈ ವಿಮಾನಗಳ ಹೊಟ್ಟೆಯಲ್ಲೇ.

ನನ್ನ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಬೇರೆ ಸರಕು. ಪಶ್ಚಿಮ ಅಂಟಾರ್ಕ್ಟಿಕಾದ ವೇಯ್ಸ್ ಡಿವೈಡ್ ಎಂಬ ಜಾಗದಲ್ಲಿ 3,405 ಮೀಟರ್ ಆಳದವರೆಗೆ ಕೊರೆದು ಕಂಬದಂಥ ಮಂಜುಗಡ್ಡೆ ತೆಗೆದರು. ಅದರ ಪುಟ್ಟ ಗುಳ್ಳೆಗಳಲ್ಲಿ ಸಾವಿರಾರು ವರ್ಷ ಹಿಂದಿನ ಗಾಳಿ ಸಿಕ್ಕಿಕೊಂಡಿದೆ. ಕರಗಿದರೆ ಎಲ್ಲ ಹೋಯಿತು. ಅದಕ್ಕೇ ಆ ಮಂಜುಗಡ್ಡೆ ಸಾಗಿಸುವ ಹಾರಾಟಗಳಲ್ಲಿ ಸರಕಿನ ಜಾಗವನ್ನು ಬಿಸಿ ಮಾಡುವುದೇ ಇಲ್ಲ. ಸರಕು ನೋಡಿಕೊಳ್ಳುವ ಲೋಡ್‌ಮಾಸ್ಟರ್ ದಪ್ಪ ಜಾಕೆಟ್ ಹೊದ್ದು ಆ ಚಳಿಯಲ್ಲೇ ದುಡಿಯಬೇಕು. ಮಂಜುಗಡ್ಡೆ ಬೆಚ್ಚಗಾಗಬಾರದೆಂದು ಮನುಷ್ಯ ನಡುಗುತ್ತಾನೆ!

1971ರಲ್ಲಿ ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ನೌಕಾಪಡೆಯ ಇಂಥದೇ ವಿಮಾನ ಟೇಕಾಫ್ ಹೊತ್ತಿಗೆ ಅಪಘಾತಕ್ಕೀಡಾಯಿತು. ಒಳಗಿದ್ದ ಹತ್ತೂ ಮಂದಿ ಉಳಿದರು, ವಿಮಾನ ಹಿಮದಲ್ಲಿ ಹೂತುಹೋಯಿತು. ಹದಿನೈದು ವರ್ಷ ಕಳೆದ ಮೇಲೆ ಅದನ್ನು ಅಗೆದು ರಿಪೇರಿ ಮಾಡಿದರು. ಆ ಕೆಲಸಕ್ಕೆ ಬಿಡಿಭಾಗ ಒಯ್ಯುತ್ತಿದ್ದ ಇನ್ನೊಂದು ವಿಮಾನ 1987ರ ಡಿಸೆಂಬರ್‌ನಲ್ಲಿ ಬಿದ್ದು ಇಬ್ಬರು ತೀರಿಕೊಂಡರು. ಹಳೆಯ ವಿಮಾನ ಮರು ತಿಂಗಳೇ ಹಾರಿತು. ಆ ಇಬ್ಬರ ನೆನಪು ಯಾರಿಗಿದೆ?

ನಮ್ಮಲ್ಲೂ ಇದೇ ಕಥೆ. ಊರಿಗೆ ಸೇತುವೆ ಆದರೆ ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲೆ. ಕಲ್ಲು ಹೊತ್ತವರದ್ದು ಎಲ್ಲೂ ಇಲ್ಲ. ವಿಜ್ಞಾನದ ವರದಿಯಲ್ಲೂ ತಲೆ ಓಡಿಸಿದವರೇ ಜಾಸ್ತಿ ಕಾಣುತ್ತಾರೆ, ಬೆನ್ನು ಕೊಟ್ಟವರು ಕಾಣುವುದಿಲ್ಲ. ನಾವು ಪತ್ರಿಕೆಯವರೂ ಅದೇ ತಪ್ಪು ಮಾಡುತ್ತ ಬಂದಿದ್ದೇವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಆ ಚಿತ್ರ ಹಾಕಿದ್ದು ಸುಮ್ನೆ ಅಲ್ಲ. ಅದರ ಕೆಳಗೆ ಬರೀ 'ವಿಮಾನ' ಎಂದು ಬರೆದೆವಲ್ಲ, ಕ್ಷಮೆ ಕೇಳಬೇಕಾದ್ದು ಅದಕ್ಕೆ. ಮುಂದಿನ ಸಂಚಿಕೆಯಲ್ಲಿ ಲೋಡ್‌ಮಾಸ್ಟರ್‌ಗಳ ಕೆಲಸದ ಬಗ್ಗೆಯೇ ಎರಡು ಪುಟ ಬರೆಸುತ್ತಿದ್ದೇನೆ. ಓದಿ, ಮತ್ತೆ ಬರೆಯಿರಿ.

— ಸಂ.