ಡಾಂಬರಿನ ದುಡ್ಡು ಯಾರ ಜೇಬಿಂದ?

ಪ್ರಶ್ನೆ: ಸರ್, ನಾನು ಸ್ಥಳೀಯ ಸಂಸ್ಥೆ ಸದಸ್ಯ. ಮಣ್ಣು ರಸ್ತೆಗೆ ಡಾಂಬರು ಹಾಕ್ಸೋದು ಅಂತ ಎಲ್ರೂ ಒಪ್ಪಿದೀವಿ, ದುಡ್ಡಿನ ಮಾತು ಬಂದ ತಕ್ಷಣ ಮೀಟಿಂಗ್ ಮೂರು ಹೋಳಾಗುತ್ತೆ. ಒಬ್ಬರು ತೆರಿಗೆ ಏರಿಸಿ ಅಂತಾರೆ, ಒಬ್ಬರು ಸಾಲ ಮಾಡಿ ಅಂತಾರೆ, ಉಳಿದವರು ಅನುದಾನ ಬರೋವರೆಗೆ ಕಾಯೋಣ ಅಂತಾರೆ. ಯಾವುದು ಸರಿ?

ಉತ್ತರ: ಮೂರೂ ಸರಿ, ಆದ್ರೆ ಮೂರೂ ಕಡೆಯವರು ರಸ್ತೆ ಹಾಕ್ಸೋ ದುಡ್ಡನ್ನಷ್ಟೇ ಲೆಕ್ಕ ಹಾಕ್ತಿದೀರಿ. ಆಮೇಲೆ ಗುಂಡಿ ಮುಚ್ಚೋರು ಯಾರು, ಕೆಲ ವರ್ಷಕ್ಕೆ ಇನ್ನೊಂದು ಪದರ ಹಾಕ್ಸೋರು ಯಾರು? ಅನುದಾನದಲ್ಲಿ ಇರೋ ತೊಂದರೆನೇ ಇದು, ಉದ್ಘಾಟನೆ ಆಗೋವರೆಗೆ ದುಡ್ಡು ಬರುತ್ತೆ, ಆಮೇಲೆ ರಸ್ತೆ ನಿಮ್ಮ ಪಾಲಿಗೆ. ನಮ್ಮ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನೋಡಿ, 2000ದಲ್ಲಿ ಶುರುವಾದಾಗ ಕಟ್ಟೋ ಖರ್ಚು ಪೂರ್ತಿ ಕೇಂದ್ರದ್ದು, ಈಗ ಹೆಚ್ಚಿನ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40 ಅನ್ನೋ ಲೆಕ್ಕ, ಆದ್ರೆ ಅದರಲ್ಲಿ ನನಗೆ ಇಷ್ಟವಾಗೋದು ಬೇರೆ ವಿಷಯ: ರಸ್ತೆ ಹಾಕಿದ ಕಂಟ್ರಾಕ್ಟರೇ 5 ವರ್ಷ ಅದನ್ನ ನೋಡ್ಕೋಬೇಕು ಅಂತ ಅದೇ ಕರಾರಿನಲ್ಲೇ ಬರೀತಾರೆ, ಆ ದುಡ್ಡನ್ನ ರಾಜ್ಯ ಕೊಡಬೇಕು. ನಿಮ್ಮ ಟೆಂಡರಿನಲ್ಲೂ ಅಂಥದೊಂದು ಕಲಮು ಹಾಕ್ಸಿ.

ಸಾಲ ಅಂದ್ರೆ ಹೆದರಬೇಕಾಗಿಲ್ಲ. ಮುಂದೆ ಓಡಾಡೋರೂ ಕಂತಿನಲ್ಲಿ ಪಾಲು ಕೊಟ್ಟಂಗಾಗುತ್ತೆ, ಅದು ನ್ಯಾಯನೇ. ಆದ್ರೆ 10 ವರ್ಷ ಬಾಳೋ ಪದರಕ್ಕೆ 20 ವರ್ಷದ ಸಾಲ ಮಾಡಿದ್ರೆ ಅರ್ಧದಾರೀಲಿ ರಸ್ತೆ ಕಿತ್ತೋಗಿರುತ್ತೆ, ಕಂತು ಮಾತ್ರ ಗಟ್ಟಿಮುಟ್ಟಾಗಿರುತ್ತೆ. ತೆರಿಗೆ ನಿಧಾನಕ್ಕೆ ಬಂದ್ರೂ ವರ್ಷಾವರ್ಷ ಬರುತ್ತೆ, ಹಂಗಾಗಿ ಅದನ್ನ ನಿರ್ವಹಣೆಗೆ ಎತ್ತಿಡಿ. ಹಾಕ್ಸೋಕೆ ಅನುದಾನ, ಅದು ಸಾಕಾಗದೆ ಉಳಿದಿದ್ದಕ್ಕೆ ಮಾತ್ರ ಸಾಲ, ನೋಡ್ಕೊಳ್ಳೋಕೆ ತೆರಿಗೆ, ಇದು ನನ್ನ ಲೆಕ್ಕ. ಠರಾವಿನಲ್ಲಿ ಎರಡೂ ಮೊತ್ತ ಇರಲಿ, ನಿರ್ವಹಣೆ ಕಾಲಂ ಖಾಲಿ ಬಿಟ್ಟು ಸಹಿ ಹಾಕಬೇಡಿ.

ಪ್ರಶ್ನೆ: ರಸ್ತೆ ಪಕ್ಕದ ಮನೆ, ಜಮೀನಿನವರೇ ದುಡ್ಡು ಕೊಡ್ಲಿ, ಅವರಿಗೆ ತಾನೆ ಲಾಭ ಅಂತಾರೆ. ಇದು ನ್ಯಾಯನಾ?

ಉತ್ತರ: ಅರ್ಧ ನ್ಯಾಯ. ಅಮೆರಿಕದ ಎಷ್ಟೋ ಕಡೆ ರಸ್ತೆ ಪಕ್ಕದ ಆಸ್ತಿಗಳಿಗೆ ವಿಶೇಷ ಕರ ಹಾಕಿ ಕಂತಿನಲ್ಲಿ ವಸೂಲಿ ಮಾಡ್ತಾರೆ. ಸ್ವೀಡನ್ನಿನ ಹಳ್ಳಿಗಾಡಲ್ಲಿ ಆಸ್ತಿದಾರರ ರಸ್ತೆ ಸಂಘಗಳೇ ಇವೆ, ಯಾರು ರಸ್ತೆ ಎಷ್ಟು ಬಳಸ್ತಾರೆ ಅನ್ನೋದರ ಮೇಲೆ ಪಾಲು ಹಂಚ್ತಾರೆ, ಎಲ್ರಿಗೂ ಓಡಾಡೋಕೆ ಬಿಟ್ಟಿರೋ ರಸ್ತೆಗೆ ಸರ್ಕಾರದ ನೆರವೂ ಸಿಗುತ್ತೆ. ಅಲ್ಲಿ ಕೇಳೋ ಪ್ರಶ್ನೆ ಮನೆ ಎಲ್ಲಿದೆ ಅಂತಲ್ಲ, ಬಳಕೆ ಎಷ್ಟು ಅಂತ, ಅದೇ ಸರಿ ಅನ್ಸುತ್ತೆ ನನಗೆ. ಯಾಕಂದ್ರೆ 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆ ಅಂತಲೇ ರಸ್ತೆ ಕಟ್ಟಿ, ಸೈನಿಕರನ್ನ ಕೂರಿಸಿ ಲಾರಿ ಓಡಿಸಿಯೇ ಓಡಿಸಿದ್ರು (ಬೋರ್ ಹೊಡೆದಿರಬೇಕು ಪಾಪ), ಅದರಿಂದ ತಿಳಿದಿದ್ದು ಒಂದು ಆಕ್ಸಲ್ (ಚಕ್ರ ಜೋಡಿಸೋ ಅಚ್ಚು) ಮೇಲಿನ ಭಾರ ಡಬಲ್ ಆದ್ರೆ ರಸ್ತೆಗೆ ಬೀಳೋ ಪೆಟ್ಟು ಹತ್ತಿರ ಹತ್ತಿರ 16 ಪಟ್ಟು ಅಂತ. ಬೈಕು, ಕಾರಿನವರಿಂದ ರಸ್ತೆ ಹಾಳಾಗೋದು ಲೆಕ್ಕಕ್ಕೇ ಬರಲ್ಲ. ಆ ದಾರೀಲಿ ಕಲ್ಲು ಕ್ವಾರಿಯೋ ಮರಳು ಲಾರಿಯೋ ಇದ್ರೆ ಮೊದಲು ಅವರನ್ನ ಮೀಟಿಂಗಿಗೆ ಕರೀರಿ, ರಸ್ತೆ ಪಕ್ಕ ಒಂಟಿ ಮನೇಲಿರೋ ಮುದುಕಮ್ಮನ್ನ ಅಲ್ಲ.

ಪ್ರಶ್ನೆ: ಡಾಂಬರೇ ಬೇಕಾ? ಜಲ್ಲಿ ರಸ್ತೆ ಸಾಲಲ್ವಾ?

ಉತ್ತರ: ದಿನಕ್ಕೆ ಬೆರಳೆಣಿಕೆ ಗಾಡಿ ಓಡೋ ಕಡೆ ಸಾಕು, ಧೂಳು ತಡ್ಕೊಂಡು ಆಗಾಗ ಗ್ರೇಡರ್ (ರಸ್ತೆ ಮಟ್ಟ ಮಾಡೋ ಯಂತ್ರ) ಹೊಡ್ಸಿದ್ರೆ. ನಿರ್ವಹಣೆಗೆ ದುಡ್ಡಿಲ್ಲದೆ ಅಮೆರಿಕದ ನಾರ್ತ್ ಡಕೋಟಾ, ಮಿಷಿಗನ್ ಕಡೆ 2010ರ ಆಸುಪಾಸು ಕೆಲವು ಹಳ್ಳಿ ರಸ್ತೆಗಳ ಡಾಂಬರನ್ನೇ ಪುಡಿ ಮಾಡಿ ವಾಪಸ್ ಜಲ್ಲಿ ರಸ್ತೆ ಮಾಡ್ಕೊಂಡಿದಾರೆ. ಯಾವ ರಸ್ತೆನಾದ್ರೂ ಅದಕ್ಕೆ ಶತ್ರು ನೀರು, ಅಡಿಪಾಯದಲ್ಲಿ ನೀರು ನಿಂತ್ರೆ ಮೇಲೆ ಏನು ಹಾಕಿದ್ರೂ ಏಳುತ್ತೆ. ಇರೋ ಚೂರುಪಾರು ದುಡ್ಡಲ್ಲಿ ಈ ವರ್ಷ ಚರಂಡಿ, ಮೋರಿ ಮಾಡ್ಸಿ. ನಾಳೆ ಡಾಂಬರಿಗೆ ದುಡ್ಡು ಬಂದ್ರೂ, ಬರದಿದ್ರೂ ಆ ಕೆಲಸ ವೇಸ್ಟ್ ಆಗಲ್ಲ.