ಟ್ರಕ್ಕೋ, ಸ್ವಂತ ಕಾರೋ?

ಪ್ರಶ್ನೆ: ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಅತ್ತೆ, ಮಾವ ಬಂದಿದ್ದಾರೆ. ಜೂನ್‌ನಲ್ಲಿ ಎಲ್ಲರೂ ಸೇರಿ ಕೆಂಪು ಬಂಡೆಗಳ ಮಾನ್ಯುಮೆಂಟ್ ವ್ಯಾಲಿಗೆ ಹೊರಟಿದ್ದೇವೆ. ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನಾಂಗದ ಗೈಡ್‌ಗಳು ತೆರೆದ ಟ್ರಕ್ಕಿನಲ್ಲಿ ಕೂರಿಸಿಕೊಂಡು ಸುತ್ತಿಸುತ್ತಾರಂತೆ. ನಮ್ಮ ಯಜಮಾನರು “ಕಾರಿದೆಯಲ್ಲ, ಟ್ರಕ್ಕಿಗೆ ಯಾಕೆ ದುಡ್ಡು ದಂಡ?” ಅನ್ನುತ್ತಾರೆ. ಅತ್ತೆಗೆ ಸೊಂಟ ನೋವು ಬೇರೆ. ಏನು ಮಾಡಲಿ?
– ಓದುಗರೊಬ್ಬರು, ಫೀನಿಕ್ಸ್

ಉತ್ತರ: ನಿಮ್ಮ ಯಜಮಾನರ ಮಾತು ಅರ್ಧ ಸರಿ. ತಲೆಗೆ 8 ಡಾಲರ್ ಪ್ರವೇಶ ಶುಲ್ಕ ಕಟ್ಟಿದರೆ 17 ಮೈಲಿಯ ಮಣ್ಣು ರಸ್ತೆಯಲ್ಲಿ ಕಾರಿನಲ್ಲೇ ಸುತ್ತಿ ಬರಬಹುದು. ಕೈಗವಸಿನ ಆಕಾರದ ಜೋಡಿ ಮಿಟನ್ ಬಂಡೆಗಳು, ‘ಮೂವರು ಅಕ್ಕತಂಗಿಯರು’ ಅನ್ನುವ ಕಲ್ಲುಕಂಬಗಳು, ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಸಿನಿಮಾ ತೆಗೆದ ಜಾಗ, ಎಲ್ಲ ಆ ದಾರಿಯಲ್ಲೇ ಸಿಗುತ್ತವೆ.

ಆದರೂ ನನ್ನ ಓಟು ಟ್ರಕ್ಕಿಗೇ. ಆ ರಸ್ತೆಯಿಂದ ಒಳಕ್ಕೆ ಹೋಗುವ ದಾರಿಗಳಿಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಅಲ್ಲಿ ಜನ ವಾಸ ಮಾಡುತ್ತಾರೆ, ಕುರಿ ಮೇಯಿಸುತ್ತಾರೆ. ಇದು ಅಮೆರಿಕ ಸರ್ಕಾರದ ನ್ಯಾಷನಲ್ ಪಾರ್ಕ್ ಅಲ್ಲ, 1958ರಲ್ಲಿ ನವಾಹೊ ಜನ ತಾವೇ ಮಾಡಿಕೊಂಡ ಪಾರ್ಕು. (ನ್ಯಾಷನಲ್ ಪಾರ್ಕಿನ ವರ್ಷದ ಪಾಸ್ ಇಲ್ಲಿ ನಡೆಯುವುದಿಲ್ಲ. ಕೌಂಟರಿನಲ್ಲಿ ಸುಮ್ನೆ ವಾದ ಬೇಡ.)

ಒಳದಾರಿಯಲ್ಲಿ ನನಗೆ ತುಂಬ ಹಿಡಿಸಿದ್ದು ‘ಬಿಗ್ ಹೋಗನ್’ (ಹೋಗನ್ ಅಂದರೆ ನವಾಹೊ ಜನರ ಮನೆ). ಅರ್ಧ ಗುಹೆಯಂತಿರುವ ದೊಡ್ಡ ಬಂಡೆ, ನೆತ್ತಿಯಲ್ಲಿ ದುಂಡನೆಯ ತೂತು. ನಮ್ಮ ಗೈಡ್ ಎಲ್ಲರನ್ನೂ ಇಳಿಜಾರಾದ ಕಲ್ಲಿಗೆ ಒರಗಿ ಮೇಲೆ ನೋಡಿ ಅಂದರು. ತೂತೇ ಕಣ್ಣು. ಮಳೆನೀರು ಇಳಿದು ಬಂಡೆಯ ಮೇಲೆ ಬಿದ್ದ ಕಪ್ಪು ಗೆರೆಗಳ ಜೊತೆ ಸೇರಿಸಿ ನೋಡಿದರೆ ಹದ್ದಿನ ತಲೆ! ಆಮೇಲೆ ಅವರು ಸಣ್ಣ ಡೋಲು ಬಡಿದು ಹಾಡಿದರು. ಆ ಕಲ್ಲಿನೊಳಗೆ ಮೈಕು ಯಾಕೆ ಬೇಕು? ಕಲ್ಲು ತಣ್ಣಗಿತ್ತು, ಬೆನ್ನಿಗೆ ಹಾಯೆನಿಸಿತು. ನಿಮ್ಮ ಅತ್ತೆ ಅಲ್ಲಿಂದ ಏಳಲು ಒಪ್ಪಲಿಕ್ಕಿಲ್ಲ.

ಮಾವನವರಿಗೆ ಬಂಡೆಯ ಪದರ ತೋರಿಸಿ. ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವುದು ಮೆದುಕಲ್ಲು. ಅದರ ಮೇಲೆ ನೆಟ್ಟಗೆ ನಿಂತದ್ದು ಡಿ ಶೇ ಮರಳುಗಲ್ಲು, ಸುಮಾರು 28 ಕೋಟಿ ವರ್ಷ ಹಿಂದೆ ಗಾಳಿ ತಂದು ಗುಡ್ಡೆ ಹಾಕಿದ ಮರಳು. ಬುಡ ಸವೆದಂತೆ ಮೇಲಿನ ಕಲ್ಲು ಆಸರೆ ತಪ್ಪಿ ಹೋಳು ಹೋಳಾಗಿ ಕಳಚಿ ಬೀಳುತ್ತದೆ. ಗೋಡೆ ಅಷ್ಟು ನೆಟ್ಟಗಿರುವುದು ಅದಕ್ಕೇ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ಈಗ ಸೊಂಟದ ವಿಷಯ. ಕುಲುಕಾಟ ಇದ್ದದ್ದೇ, ಸುಳ್ಳು ಹೇಳುವುದಿಲ್ಲ. ಟ್ರಕ್ಕಿನ ಹಿಂಬದಿಗೆ ಬೆಂಚು ಜೋಡಿಸಿ, ಮೇಲೊಂದು ಚಾವಣಿ ಹಾಕಿರುತ್ತಾರೆ, ಅಷ್ಟೇ. ಕೊನೆಯ ಸಾಲು ಬೇಡವೇ ಬೇಡ, ಹಿಂಚಕ್ರ ಹೊಂಡಕ್ಕಿಳಿದಾಗಲೆಲ್ಲ ಕೂತವರು ಸೀಟು ಬಿಟ್ಟು ಹಾರುತ್ತಾರೆ. ಬುಕ್ ಮಾಡುವಾಗಲೇ ಸೊಂಟ ನೋವಿನ ಮಾತು ಹೇಳಿ, ಡ್ರೈವರ್ ಪಕ್ಕದ ಸೀಟು ಸಿಗುತ್ತದಾ ಕೇಳಿ. ನೋವು ಜಾಸ್ತಿ ಇದ್ದರೆ ಅತ್ತೆಯವರು ವಿಸಿಟರ್ ಸೆಂಟರಿನ ಕಟ್ಟೆಯ ಮೇಲೆ ಕೂತರೂ ನಷ್ಟವಿಲ್ಲ, ಎರಡು ಮಿಟನ್‌ಗಳೂ ಎದುರಿಗೇ ಕಾಣುತ್ತವೆ.

ಇನ್ನೊಂದು ಮಾತು ಮೊದಲೇ ಕೇಳಿಕೊಳ್ಳಿ: “ಒಳದಾರಿಗೆ ಹೋಗುತ್ತೀರಾ?” ಚಿಕ್ಕ ಟೂರಿನಲ್ಲಿ ಬರೀ ಆ 17 ಮೈಲಿಯನ್ನೇ ಸುತ್ತಿಸಿದರೆ ನಿಮ್ಮ ಯಜಮಾನರೇ ಗೆದ್ದಂತೆ. ಧೂಳಿಗೆ ಮೂಗು, ಬಾಯಿ ಮುಚ್ಚಲು ದುಪಟ್ಟಾ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಡ್ರೋನ್ ಹಾರಿಸುವಂತಿಲ್ಲ. ಯಾರದಾದರೂ ಮನೆ ಅಥವಾ ಮುಖದ ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಗೈಡ್‌ಗೆ ಟಿಪ್ಸ್ ಕೊಡುವುದು ವಾಡಿಕೆ, ನಗದು ಇಟ್ಟುಕೊಳ್ಳಿ.

ಪ್ರಶ್ನೆ: ಮಾನ್ಯುಮೆಂಟ್ ವ್ಯಾಲಿಗೆ ಹೋದ ದಿನವೇ ಆಂಟಿಲೋಪ್ ಕ್ಯಾನಿಯನ್ (ಬಂಡೆಯ ಸೀಳಿನಂಥ ಕಿರಿದಾದ ಕಣಿವೆ) ಕೂಡ ಮುಗಿಸಬಹುದಾ?
– ಇನ್ನೊಬ್ಬ ಓದುಗರು

ಉತ್ತರ: ಬೇಡ. ನಡುವೆ ಎರಡು ಗಂಟೆಯ ದಾರಿ. ಇನ್ನೊಂದು ದಿನ ಇಟ್ಟುಕೊಳ್ಳಿ. ಅಲ್ಲಿ ‘ಅಪ್ಪರ್’, ‘ಲೋವರ್’ ಅಂತ ಎರಡು ಕಣಿವೆ. ವಯಸ್ಸಾದವರಿದ್ದರೆ ‘ಅಪ್ಪರ್’ ಕಣಿವೆಯೇ ಸರಿ. ಅಲ್ಲಿಗೂ ಟ್ರಕ್ಕಿನಲ್ಲೇ ಒಣಹಳ್ಳದ ಮರಳಲ್ಲಿ ಕರೆದೊಯ್ಯುತ್ತಾರೆ, ಆಮೇಲೆ ಕಣಿವೆಯೊಳಗೆ ಸಮತಟ್ಟಾದ ನಡಿಗೆ, ವಾಪಸು ಬರುವ ದಾರಿಯಲ್ಲಿ ಮಾತ್ರ ಮೆಟ್ಟಿಲು, ಇಳಿಜಾರು ಸಿಗುತ್ತವೆ. ‘ಲೋವರ್’ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ. ಮಳೆಯ ಸೂಚನೆಯೆಂದು ಟೂರ್ ರದ್ದು ಮಾಡಿದರೆ ಮುನಿಸಿಕೊಳ್ಳಬೇಡಿ. 1997ರ ಆಗಸ್ಟ್‌ನಲ್ಲಿ ದೂರದಲ್ಲೆಲ್ಲೋ ಸುರಿದ ಮಳೆ ಲೋವರ್ ಕಣಿವೆಗೆ ನುಗ್ಗಿ 11 ಜನ ತೀರಿಕೊಂಡರು.

ಇಬ್ಬರಿಗೂ ಹೇಳುವುದು: ಬೇಸಿಗೆಯಲ್ಲಿ ಗಡಿಯಾರ ನೋಡಿಕೊಳ್ಳಿ. ನವಾಹೊ ನಾಡಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ, ಉಳಿದ ಅರಿಜೋನಾದಲ್ಲಿ ಹಾಗಿಲ್ಲ. ಆಂಟಿಲೋಪ್ ಟೂರ್‌ಗಳು ಮಾತ್ರ ಫೀನಿಕ್ಸ್ ಸಮಯಕ್ಕೇ ಹೊರಡುತ್ತವೆ. ಫೋನು ಎರಡರ ಮಧ್ಯೆ ಹಾರಾಡುತ್ತಿರುತ್ತದೆ. ಬುಕಿಂಗ್ ಚೀಟಿಯಲ್ಲಿ ಯಾವ ಸಮಯ ಬರೆದಿದ್ದಾರೆಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಬಿಡಿ.